ನಾಯಿಯ ಉಣುಗಿನಿಂದ ಮಗನಿಗೆ ಜ್ವರ ಬಂದಿರಬಹುದೇ?

ಸೋಮವಾರದವರೆಗೆ ಕಾಯಬೇಡಿ. ಮಗನನ್ನು ಈಗಲೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ, ಉಳಿದದ್ದನ್ನು ದಾರಿಯಲ್ಲಿ ಓದಿಕೊಳ್ಳಬಹುದು. ಮೂರು ದಿನದಿಂದ ಜ್ವರ, ತಲೆನೋವು, ಮಣಿಕಟ್ಟಿನಿಂದ ಅಂಗೈಗೆ ಹರಡಿದ ಕೆಂಪು ಚುಕ್ಕೆ, ಮನೆಯಲ್ಲಿ ಉಣುಗು ಹತ್ತಿದ ನಾಯಿ ಎಂದು ಬರೆದಿದ್ದೀರಿ. ಇದು ಮಂಗನ ಕಾಯಿಲೆಯೇ, ನಾಯಿಯಿಂದ ಬಂದಿತೇ ಎಂದು ಕೇಳಿದ್ದೀರಿ.

ನಾನು ಹೊಸನಗರ, ತೀರ್ಥಹಳ್ಳಿ ಕಡೆಯ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮನುಷ್ಯರಿಗೆ ಔಷಧ ಹೇಳುವುದು ನನ್ನ ಕೆಲಸವಲ್ಲ, ಆದರೆ ಉಣುಗನ್ನು ಬಲ್ಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದ ಕಾಲದಿಂದ ನಮ್ಮವರಿಗೆ ಉಣುಗು ಎಂದರೆ ಮಂಗನ ಕಾಯಿಲೆ ಒಂದೇ. ಆ ಭಯಕ್ಕೆ ಕಾರಣವಿದೆ. ಆದರೆ ಅದೇ ಭಯದಲ್ಲಿ, ಉಣುಗು ತರುವ ಚುಕ್ಕೆ ಜ್ವರ ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಮಂಗನ ಕಾಯಿಲೆ ವೈರಸ್‌ನಿಂದ ಬರುವಂಥದ್ದು, ಅದನ್ನು ಕೊಲ್ಲುವ ಮದ್ದಿಲ್ಲ. ಚುಕ್ಕೆ ಜ್ವರ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾದ್ದು. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧವನ್ನು ಬೇಗ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನಗಳಲ್ಲಿ ಜ್ವರ ಇಳಿಯುತ್ತದೆ. ತಡವಾದರೆ ರಕ್ತನಾಳಗಳ ಒಳಪದರವೇ ಹಾಳಾಗಿ ಮೂತ್ರಪಿಂಡ, ಶ್ವಾಸಕೋಶ, ಮಿದುಳಿಗೆ ಪೆಟ್ಟು ಬೀಳುತ್ತದೆ. ಮಕ್ಕಳ ಹಲ್ಲು ಕಲೆಯಾಗುತ್ತದೆ ಎಂಬ ಹಳೆಯ ಹೆದರಿಕೆಯಿಂದ ಕೆಲವರು ಈ ಔಷಧ ಬೇಡವೆನ್ನುತ್ತಾರೆ. ಕೆಲವೇ ದಿನಗಳ ಚಿಕಿತ್ಸೆಯಲ್ಲಿ ಆ ಅಪಾಯ ಇಲ್ಲವೆಂಬಷ್ಟು ಕಡಿಮೆ. ವೈದ್ಯರು ಬರೆದರೆ ಧೈರ್ಯವಾಗಿ ಕೊಡಿ.

ಇನ್ನು ನಾಯಿಯ ವಿಚಾರ. ಅದನ್ನು ಮುಟ್ಟಿದ್ದರಿಂದ, ಅದು ನೆಕ್ಕಿದ್ದರಿಂದ ಈ ಜ್ವರ ಅಂಟುವುದಿಲ್ಲ, ದಯವಿಟ್ಟು ಅದನ್ನು ಬೀದಿಗೆ ಬಿಡಬೇಡಿ. ತರುವುದು ಅದರ ಮೈಮೇಲಿನ ಕಂದು ಉಣುಗು. ತಾಯಿ ಉಣುಗಿನಿಂದ ಮೊಟ್ಟೆಯ ಮೂಲಕ ಮರಿಗೂ ರಿಕೆಟ್ಸಿಯಾ ದಾಟುತ್ತದೆ. ಅಮೆರಿಕದ ರಾಕಿ ಪರ್ವತದ ಚುಕ್ಕೆ ಜ್ವರ ನಾಯಿಗಳನ್ನೂ ಹಾಸಿಗೆ ಹಿಡಿಸುತ್ತದೆ. ಅದಕ್ಕೆ ಉಣುಗೇ ವಾಹಕ ಎಂದು ಹೋವರ್ಡ್ ರಿಕೆಟ್ಸ್ ಎಂಬ ವಿಜ್ಞಾನಿ 1906ರಲ್ಲಿ ತೋರಿಸಿದರು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ರಿಕೆಟ್ಸಿಯಾ ಜಾತಿ ಬೇರೆ. ಅದು ನಾಯಿಯ ರಕ್ತದಲ್ಲಿದ್ದರೂ ನಾಯಿ ಆರಾಮಾಗಿಯೇ ಓಡಾಡಿಕೊಂಡಿರಬಹುದು.

ನಾಯಿಯ ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದುಗಳನ್ನು ಬಿಡಿಸಿ ನೋಡಿ. ರಕ್ತ ಕುಡಿದ ಹೆಣ್ಣು ಉಣುಗು ಬೂದು ಬಣ್ಣಕ್ಕೆ ತಿರುಗಿ ಹರಳು ಬೀಜದಂತೆ ಉಬ್ಬಿರುತ್ತದೆ. ಅದನ್ನು ಉಗುರಿನಿಂದ ಕುಕ್ಕಿ ಒಡೆಯುವ ಅಭ್ಯಾಸ ನಮ್ಮ ಕೊಟ್ಟಿಗೆಗಳಲ್ಲಿ ಇನ್ನೂ ಹೋಗಿಲ್ಲ. ಒಡೆದಾಗ ಸಿಡಿದ ರಸ ಬೆರಳಿನ ಗಾಯಕ್ಕೋ ಕಣ್ಣಿಗೋ ತಾಗಿದರೆ ಸಾಕು, ಕಚ್ಚಿಸಿಕೊಳ್ಳದೆಯೂ ಸೋಂಕು ತಗುಲಬಹುದು. ಸೀಮೆಎಣ್ಣೆ, ಬೀಡಿಯ ಬೆಂಕಿ, ಹೊಗೆಸೊಪ್ಪಿನ ರಸ ಯಾವುದೂ ಬೇಡ. ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು, ತಿರುಚದೆ ನೇರವಾಗಿ ಎಳೆದು ತೆಗೆಯಿರಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ನಾಯಿಯನ್ನು ಮೀಯಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ. ಈ ಉಣುಗು ನಾಯಿಯಿಂದ ಇಳಿದು ಗೋಡೆಯ ಬಿರುಕಿನಲ್ಲಿ, ಕಟ್ಟೆಯ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೂ ಅದು ಮಲಗುವ ಜಾಗಕ್ಕೂ ಒಟ್ಟಿಗೇ ಔಷಧ ಆಗಬೇಕು. ಯಾವುದು, ಎಷ್ಟು ಎಂದು ಪಶುವೈದ್ಯರನ್ನೇ ಕೇಳಿ.

ಆಸ್ಪತ್ರೆಯಲ್ಲಿ ‘ಜ್ವರ ಬಂದಿದೆ’ ಎಂದಷ್ಟೇ ಹೇಳಬೇಡಿ. ಮನೆಯಲ್ಲಿ ಉಣುಗು ಇರುವುದು, ಚುಕ್ಕೆ ಯಾವ ದಿನ ಎಲ್ಲಿ ಶುರುವಾಯಿತು ಎಂಬುದು, ಮಗ ಕಾಡಿಗೋ ದರಗು ಗುಡಿಸುವಲ್ಲಿಗೋ ಹೋಗಿದ್ದರೆ ಅದು, ಎಲ್ಲವನ್ನೂ ಹೇಳಿ. ಕಿವಿಯ ಹಿಂದೆ, ಕಂಕುಳಲ್ಲಿ, ಸೊಂಟದ ಸುತ್ತ ಉಣುಗು ಕಚ್ಚಿದ ಕಪ್ಪು ಹಕ್ಕಳೆ ಇದೆಯೇ ನೋಡಿ ತೋರಿಸಿ. ಮಂಗನ ಕಾಯಿಲೆಗೂ ರಕ್ತಪರೀಕ್ಷೆ ಆಗಲಿ, ಅದರಲ್ಲೂ ನವೆಂಬರ್‌ನಿಂದ ಮೇವರೆಗಿನ ದಿನಗಳಲ್ಲಿ. ವೈದ್ಯರು ನೋಡುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಚುಕ್ಕೆ ಜ್ವರವೆಂದು ಅನುಮಾನ ಬಂದರೆ ವೈದ್ಯರು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಔಷಧ ಶುರು ಮಾಡಬಹುದು. ಅದು ಸರಿಯಾದ ಕ್ರಮವೇ, ಗಾಬರಿಯಾಗಬೇಡಿ.