ವೈರ್ ಇಲ್ಲದ ಗರಗಸ ಸೇಫಾ ಅಂತ ಕೇಳುವ ಮೊದಲು, ಹಲಗೆ ಎಲ್ಲಿಡುತ್ತೀರಿ ಹೇಳಿ

"ವೈರ್ ಇಲ್ಲ, ಚಿಕ್ಕದು, ಹಾಗಾಗಿ ಹೊಸಬರಿಗೆ ಕಾರ್ಡ್‌ಲೆಸ್ ಸರ್ಕ್ಯುಲರ್ ಸಾ ಸೇಫ್ ಅಲ್ವಾ? ಯಾವ ಕಂಪನಿದು ತಗೊಳ್ಳಲಿ?" ಅಂತ ಕೇಳಿದ್ದೀರಿ. ಬ್ಯಾಟರಿಯಿಂದ ದುಂಡು ಬ್ಲೇಡ್ ತಿರುಗಿಸಿ ಕೊಯ್ಯುವ ಕೈಮೆಷಿನ್ ಅದು. ನಾನು ಕೊಳ್ಳುವಾಗ ಅಂಗಡಿಯಲ್ಲಿ ಹೆಚ್ಚುಕಮ್ಮಿ ಇದೇ ಮಾತು ಕೇಳಿದ್ದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸೇಫ್ ಅಲ್ಲ. ಕಂಪನಿ ವಿಷಯ ಕೊನೆಗೆ ನೋಡೋಣ.

ಶಿವಮೊಗ್ಗದಲ್ಲಿ ನಮ್ಮ ಮನೆ ಗೃಹಪ್ರವೇಶ ಆಗಿ ತಿಂಗಳುಗಳೇ ಕಳೆದಿದ್ದವು. ಬಾಗಿಲು, ಕಿಟಕಿ ಮುಗಿಸಿಕೊಟ್ಟ ಆಚಾರ್ರು ದೊಡ್ಡ ಕೆಲಸ ಹಿಡಿದು ಬೇರೆ ಊರಿಗೆ ಹೋಗಿದ್ದರು. ಮಗಳ ಪುಸ್ತಕಗಳು ಇನ್ನೂ ರಟ್ಟಿನ ಡಬ್ಬದಲ್ಲೇ ಇದ್ದವು. ಒಂದು ಕಪಾಟು ತಾನೇ, ನಾನೇ ಮಾಡುತ್ತೇನೆ ಅಂತ 18 ವೋಲ್ಟಿನ, 165 ಮಿ.ಮೀ. ಬ್ಲೇಡಿನ ಸಾ ತಂದೆ. ಮೊದಲು ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ಕೊಯ್ದು ಕೈ ಪಳಗಿಸಿಕೊಂಡೆ. ಸಲೀಸಾಗಿ ಕೊಯ್ಯಿತು. ಧೈರ್ಯ ಬಂತು. ಆಮೇಲೆ 18 ಮಿ.ಮೀ. ಪ್ಲೈ ತರಿಸಿದೆ, 8 ಅಡಿಗೆ 4 ಅಡಿಯ ಪೂರ್ತಿ ಶೀಟು. ಅಂಥ ಒಂದು ಶೀಟು 30 ಕೆ.ಜಿ. ಆಸುಪಾಸು ತೂಗುತ್ತದೆ. ಈ ತೂಕ ನೆನಪಿಟ್ಟುಕೊಳ್ಳಿ. ಮುಂದೆ ಆಗಿದ್ದಕ್ಕೆಲ್ಲ ಇದೇ ಕಾರಣ.

ತಾರಸಿ ಮೇಲೆ ಎರಡು ಸ್ಟೂಲ್ ಇಟ್ಟೆ. ಶೀಟಿನ ಆ ತುದಿಗೊಂದು, ಈ ತುದಿಗೊಂದು. ನಡುವೆ ಏನೂ ಇಲ್ಲ. ಸರಿಯಾಗಿ ಮಧ್ಯಕ್ಕೆ ಪೆನ್ಸಿಲ್ ಗೆರೆ ಎಳೆದು ಅಡ್ಡಕ್ಕೆ ಕೊಯ್ಯಲು ಶುರು ಮಾಡಿದೆ. ಶೀಟು ಅಲುಗಾಡುತ್ತಿತ್ತು. ಅಲುಗಾಡದಿರಲಿ ಅಂತ ಎಡಗೈಯನ್ನು ಮೆಷಿನ್ನಿನ ಹಿಂದೆ, ಗೆರೆಯ ಪಕ್ಕದಲ್ಲೇ ಊರಿ ಒತ್ತಿಕೊಂಡೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ತೋಟದಲ್ಲಿ ಎರಡೂ ಕಡೆ ಆನಿಕೆ ಇರುವ ಕೊಂಬೆಯನ್ನು ನಡುವೆ ಕೈಗರಗಸದಲ್ಲಿ ಕೊಯ್ದಿದ್ದರೆ ನಿಮಗೇ ಗೊತ್ತಿರುತ್ತದೆ. ಅರ್ಧ ಕೊಯ್ಯುವಷ್ಟರಲ್ಲಿ ಕೊಂಬೆ ಕೆಳಗೆ ಜಗ್ಗಿ ಗರಗಸ ಕಚ್ಚಿಕೊಳ್ಳುತ್ತದೆ. ಪ್ಲೈ ಶೀಟೂ ಹಾಗೇ. ಕೊಯ್ದಷ್ಟೂ ನಡುಭಾಗದ ಗಟ್ಟಿತನ ಕಮ್ಮಿ ಆಗುತ್ತದೆ, ತೂಕ ಮಾತ್ರ ಅಷ್ಟೇ ಇರುತ್ತದೆ. ಶೀಟು ನಡುವೆ ಜಗ್ಗುತ್ತದೆ. ಜಗ್ಗಿದಾಗ ಕೊಯ್ದ ಸೀಳಿನ ಮೇಲಂಚುಗಳು ಒಂದಕ್ಕೊಂದು ಹತ್ತಿರ ಬಂದು ಬ್ಲೇಡನ್ನು ಎರಡೂ ಕಡೆಯಿಂದ ಅಮುಕುತ್ತವೆ. ಸೀಳು ಇರುವುದೇ 2 ಮಿ.ಮೀ. ಆಸುಪಾಸು. ಮುಚ್ಚಿಕೊಳ್ಳಲು ಎಷ್ಟು ಹೊತ್ತು ಬೇಕು ಹೇಳಿ.

ಕೈಗರಗಸ ಕಚ್ಚಿಕೊಂಡರೆ ಸುಮ್ನೆ ನಿಲ್ಲುತ್ತದೆ. ಇದು ನಿಲ್ಲುವುದಿಲ್ಲ. ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತದೆ, ಕೆಳಗಿನ ಹಲ್ಲುಗಳು ನಿಮ್ಮಿಂದ ಮುಂದಕ್ಕೆ ಓಡುತ್ತಿರುತ್ತವೆ. ಹಲಗೆ ಅವನ್ನು ಹಿಡಿದುಕೊಂಡರೆ ಆ ಬಲಕ್ಕೆ ಬೇರೆ ದಾರಿ ಇಲ್ಲ, ಮೆಷಿನ್ನೇ ಹಿಂದಕ್ಕೆ ಓಡುತ್ತದೆ. ಹಿಂಬದಿಯ ಹಲ್ಲು ಹಲಗೆಯ ಮೇಲ್ಮೈಗೆ ಸಿಕ್ಕಿಕೊಂಡರೆ ಇಡೀ ಮೆಷಿನ್ ಸೀಳಿನಿಂದ ಮೇಲೆದ್ದು, ಹಿಡಿದವರ ಕಡೆಗೇ ಹಾರುತ್ತದೆ. ಕಿಕ್‌ಬ್ಯಾಕ್ ಅನ್ನುವುದು ಇದನ್ನೇ. ಕೈಯಲ್ಲಿ ಬಲ ಇದ್ದರೆ ತಡೆದುಕೊಳ್ಳಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಏನಾಯಿತು ಅಂತ ತಲೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಅರ್ಧ ದಾಟಿದಾಗ ಮೋಟಾರಿನ ಸದ್ದು ದಪ್ಪಗಾಯಿತು. ನಿಲ್ಲಿಸಬೇಕಿತ್ತು. ನಾನು ಇನ್ನೂ ಒತ್ತಿದೆ. ಮೆಷಿನ್ ಎಗರಿ ಹಿಂದಕ್ಕೆ ಬಂತು, ನನ್ನ ಎಡಗೈ ಅಲ್ಲೇ ಇತ್ತು. ತೋರುಬೆರಳ ಮೇಲಿನ ಟೆಂಡನ್, ಅಂದರೆ ಬೆರಳನ್ನು ನೆಟ್ಟಗೆ ಎಳೆಯುವ ಹುರಿ, ಕಟ್ಟಾಯಿತು. ಆಪರೇಷನ್ ಆಯಿತು, ಫಿಸಿಯೋಥೆರಪಿ ಆಯಿತು. ಆ ಬೆರಳು ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಬೈಕಿನ ಕ್ಲಚ್ ಒತ್ತುವುದು ಉಳಿದ ಮೂರು ಬೆರಳಲ್ಲೇ.

ಗಾರ್ಡ್ ಇರಲಿಲ್ವಾ ಅಂತ ಕೇಳುತ್ತೀರಿ. ಇತ್ತು. ಬ್ಲೇಡಿನ ಕೆಳಗೆ ಸ್ಪ್ರಿಂಗಿನಿಂದ ಮುಚ್ಚಿಕೊಳ್ಳುವ ಗಾರ್ಡ್ ಇರುತ್ತದೆ, ಮೆಷಿನ್ ಹಲಗೆಯಿಂದ ಮೇಲೆದ್ದರೆ ತಕ್ಷಣ ಮುಚ್ಚಬೇಕು. ನನ್ನದು ಮುಚ್ಚಲಿಲ್ಲ. ಆಮೇಲೆ ಬ್ಲೇಡ್ ಬಿಚ್ಚಿ ನೋಡಿದರೆ, ಗಾರ್ಡ್ ತಿರುಗುವ ಜಾಗದ ಸುತ್ತ ಪೈನ್ ಅಂಟು ಮತ್ತು ಮರದ ಹುಡಿ ಸೇರಿ ಕಂದು ಬಣ್ಣದ ಗಟ್ಟಿ ಹಕ್ಕಳೆ ಕಟ್ಟಿತ್ತು. ಉಗುರಿನಿಂದ ಕೆರೆದರೂ ಬರಲಿಲ್ಲ. ಬಿದಿರು ಕಡ್ಡಿ ತುದಿಯಿಂದ ಎಬ್ಬಿಸಿದ ಮೇಲೆ ಚಕ್ಕೆ ಚಕ್ಕೆಯಾಗಿ ಬಂತು. ಕೈ ಪಳಗಿಸಲು ಕೊಯ್ದ ಅದೇ ಪೆಟ್ಟಿಗೆ ಹಲಗೆಯ ಅಂಟು ಅದು.

ಹಾಗಾಗಿ ಈಗ ಕೆಲಸ ಶುರುವಾಗುವ ಮೊದಲು ಬ್ಯಾಟರಿ ತೆಗೆದು, ಗಾರ್ಡಿನ ಲಿವರ್ ಹಿಡಿದು ಪೂರ್ತಿ ತೆರೆದು ಬಿಡುತ್ತೇನೆ. ಟಪ್ ಅಂತ ಮುಚ್ಚಬೇಕು. ನಿಧಾನ ಬಂದರೆ, ನಡುವೆ ಒಂದು ಚೂರು ತಡೆದರೂ, ಆವತ್ತು ಕೊಯ್ಯುವುದಿಲ್ಲ. ಹಳೆ ಟೂತ್‌ಬ್ರಷ್‌ನಿಂದ ಹುಡಿ ತೆಗೆದು, ಅಂಟು ಕೆರೆದು, ಮತ್ತೆ ನೋಡುತ್ತೇನೆ. ಅಲ್ಲಿಗೆ ಎಣ್ಣೆ ಸುರಿಯಬೇಡಿ, ಹುಡಿ ಇನ್ನೂ ಜಾಸ್ತಿ ಹಿಡಿಯುತ್ತದೆ. ಕೆಲವರು ಗಾರ್ಡ್ ಅಡ್ಡ ಬರುತ್ತದೆ ಅಂತ ಮರದ ಚೂರು ಸಿಕ್ಕಿಸಿಯೋ ತಂತಿ ಕಟ್ಟಿಯೋ ತೆರೆದೇ ಇಡುತ್ತಾರೆ. ಕೆಲಸ ಗೊತ್ತಿರುವವರೇ ಹೀಗೆ ಮಾಡುವುದನ್ನು ಕಂಡಿದ್ದೇನೆ. ದಯವಿಟ್ಟು ನೀವು ಮಾಡಬೇಡಿ. ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿ ಕೊಯ್ಯುವುದಂತೂ ಬೇಡವೇ ಬೇಡ. ಅದರಲ್ಲಿ ತಾನಾಗಿ ಮುಚ್ಚುವ ಗಾರ್ಡೇ ಇರುವುದಿಲ್ಲ.

ವೈರ್ ಇಲ್ಲದ್ದು ಸೇಫ್ ಅನ್ನುವ ಮಾತು ನಾನು ಒಪ್ಪುವುದಿಲ್ಲ. ವೈರ್ ಕಟ್ಟಾಗುವ, ಕಾಲಿಗೆ ತೊಡರುವ ಭಯ ಹೋಗುತ್ತದೆ, ನಿಜ. ಆದರೆ ವೈರ್ ಇದ್ದಾಗ ಬ್ಲೇಡ್ ಬದಲಿಸುವ ಮೊದಲು ಪ್ಲಗ್ ಕೀಳುತ್ತೇವೆ, ಕರೆಂಟ್ ಹೋದರೆ ಮೆಷಿನ್ ಸತ್ತಂತೆ. ಇಲ್ಲಿ ಕಪಾಟಿನಲ್ಲಿಟ್ಟರೂ, ಮಕ್ಕಳ ಕೈಗೆ ಸಿಕ್ಕರೂ, ಅದರಲ್ಲಿ ಕರೆಂಟ್ ಇದ್ದೇ ಇರುತ್ತದೆ. ಬ್ಲೇಡ್ ಮುಟ್ಟುವ ಮೊದಲು, ಆಳ ಹೊಂದಿಸುವ ಮೊದಲು, ಟೀ ಕುಡಿಯಲು ಹೋಗುವ ಮೊದಲು ಬ್ಯಾಟರಿ ಹೊರಗೆ ಬರಬೇಕು. ನಮ್ಮ ಮನೆಯಲ್ಲಿ ಮೆಷಿನ್ ಒಂದು ಕಡೆ, ಬ್ಯಾಟರಿ ಬೀಗ ಹಾಕುವ ಬೀರುವಿನಲ್ಲಿ.

ಈಗ ಹಲಗೆ ಎಲ್ಲಿಡಬೇಕು ಅಂತ ಹೇಳುತ್ತೇನೆ. ಸ್ಟೂಲ್, ಕುರ್ಚಿ ಎಲ್ಲ ಬಿಡಿ. ನೆಲದ ಮೇಲೆ ನಾಲ್ಕು ರೀಪರ್ ಪಟ್ಟಿ (ಉದ್ದನೆಯ ಸಣ್ಣ ಮರದ ಪಟ್ಟಿ) ಹಾಕಿ. ಗೆರೆಯ ಆ ಕಡೆ ಎರಡು, ಈ ಕಡೆ ಎರಡು, ಒಳಗಿನ ಎರಡೂ ಗೆರೆಗೆ ಸಾಕಷ್ಟು ಹತ್ತಿರ. ಕೊಯ್ದು ಮುಗಿದ ಮೇಲೆ ಎರಡೂ ತುಂಡುಗಳು ಬೀಳದೆ, ಜಗ್ಗದೆ, ಇದ್ದಲ್ಲೇ ಇರಬೇಕು. ಇಲ್ಲದಿದ್ದರೆ 2 ಇಂಚಿನ ಥರ್ಮೋಕೋಲ್ ಶೀಟಿನ ಮೇಲೆ ಪ್ಲೈಯನ್ನು ಪೂರ್ತಿ ಮಲಗಿಸಿ ಕೊಯ್ಯಿರಿ. ಬ್ಲೇಡು ಥರ್ಮೋಕೋಲಿಗೆ ಸ್ವಲ್ಪ ಇಳಿದರೂ ತೊಂದರೆ ಇಲ್ಲ. ನಾನು ದೊಡ್ಡ ಶೀಟಿಗೆ ಇದನ್ನೇ ಮಾಡುವುದು. ಬ್ಲೇಡು ಹಲಗೆಯಿಂದ ಕೆಳಗೆ 4-5 ಮಿ.ಮೀ. ಇಣುಕಿದರೆ ಸಾಕು, ಪೂರ್ತಿ ಇಳಿಸಬೇಡಿ. ನೇರ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಕ್ಲಾಂಪ್ ಹಾಕಿ ಅದಕ್ಕೆ ಒತ್ತಿಕೊಂಡು ಹೋಗಿ, ಗೆರೆ ಸೊಟ್ಟಗಾಗಿ ಮೆಷಿನ್ ತಿರುಗಿಸಿದರೂ ಬ್ಲೇಡ್ ಕಚ್ಚಿಕೊಳ್ಳುತ್ತದೆ. ಹಲಗೆಯನ್ನು ಹಿಡಿಯುವುದು ಕ್ಲಾಂಪಿನ ಕೆಲಸ. ನಿಮ್ಮ ಎರಡೂ ಕೈ ಮೆಷಿನ್ ಮೇಲಿರಲಿ, ಮೈ ಗೆರೆಯ ನೇರಕ್ಕೆ ಬೇಡ, ಪಕ್ಕಕ್ಕಿರಲಿ. ಸದ್ದು ದಪ್ಪಗಾದರೆ ಟ್ರಿಗರ್ ಬಿಡಿ. ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಎತ್ತಬೇಡಿ.

ಲುಂಗಿ, ಜೋಲುವ ತೋಳು, ಸಡಿಲ ಬಟ್ಟೆಯ ಗ್ಲೌಸ್ ಬೇಡ. ಕಣ್ಣಿಗೆ ಪಕ್ಕ ಮುಚ್ಚುವ ಕನ್ನಡಕ, ಕಿವಿಗೆ ಪ್ಲಗ್, ಮೂಗಿಗೆ ಎನ್95 ಹಾಕಿಕೊಳ್ಳಿ. ಮರದ ಹುಡಿ ಕ್ಯಾನ್ಸರ್ ತರುತ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ ಹೇಳಿದೆ. ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಕೊಯ್ಯುವಾಗಂತೂ ಮರೆಯಲೇಬೇಡಿ.

ಬ್ಲೇಡ್ ವಿಷಯದಲ್ಲಿ ಜಿಪುಣತನ ಬೇಡ. ಮೆಷಿನ್ ಜೊತೆ ಹೆಚ್ಚಾಗಿ 24 ಹಲ್ಲಿನದು ಬರುತ್ತದೆ, ಅದು ಇಡೀ ಮರದ ಹಲಗೆಯನ್ನು ಉದ್ದಕ್ಕೆ ಸೀಳಲು. ಪ್ಲೈಗೆ 40 ಹಲ್ಲಿನದು ತಗೊಳ್ಳಿ. ಚೆನ್ನಾಗಿರುವ ಮೈ ಕೆಳಗಿರಲಿ, ಹಲ್ಲು ಕೆಳಗಿಂದ ಮೇಲಕ್ಕೆ ಬರುವುದರಿಂದ ಸಿಬಿರು ಏಳುವುದು ಮೇಲ್ಗಡೆ. ಕೊಯ್ದ ಅಂಚು ಕಪ್ಪಾದರೆ, ಸುಟ್ಟ ವಾಸನೆ ಬಂದರೆ, ಬ್ಯಾಟರಿ ಬೇಗ ಇಳಿದರೆ ಬ್ಲೇಡ್ ಮೊಂಡಾಗಿದೆ ಅಥವಾ ಅಂಟು ಹಿಡಿದಿದೆ. ಬಿಚ್ಚಿ, ಬಟ್ಟೆ ಸೋಪಿನ ಬಿಸಿನೀರಿನಲ್ಲಿ ನೆನೆಸಿ, ಬ್ರಷ್ ಹಾಕಿ ಉಜ್ಜಿ, ಒಣಗಿಸಿ ನೋಡಿ. ಆಗಲೂ ಕೊಯ್ಯದಿದ್ದರೆ ಸಾಣೆ ಹಿಡಿಸಿ. ಒಂದು ಹಲ್ಲಿನ ತುದಿ ಹಾರಿದ್ದರೂ ಎಸೆಯಿರಿ.

ನೀವು ರಾಯಚೂರಿನವರು ಅಂತ ಬರೆದಿದ್ದೀರಿ. ಅಲ್ಲಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ, ತಗಡಿನ ಶೆಡ್ಡಿನಲ್ಲಿ ಲಿಥಿಯಂ ಬ್ಯಾಟರಿ ಬಿಡಬೇಡಿ. ಕೆಲಸ ಮುಗಿದ ಕೂಡಲೇ ಬಿಸಿ ಬ್ಯಾಟರಿ ಚಾರ್ಜಿಗೆ ಹಾಕಬೇಡಿ, ತಣ್ಣಗಾಗಲಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿಡಿ. ಮೊಳೆ, ಸ್ಕ್ರೂ ಇರುವ ಚೀಲಕ್ಕೆ ಹಾಕಬೇಡಿ, ಶಾರ್ಟ್ ಆಗುತ್ತದೆ. ಊದಿಕೊಂಡಿದ್ದರೆ ಮತ್ತೆ ಬಳಸಲೇಬೇಡಿ.

ಬೇಕಿರುವುದು ಒಂದೇ ಕಪಾಟಾದರೆ ಸಾ ಕೊಳ್ಳಲೇಬೇಡಿ. ಅಳತೆ ಬರೆದುಕೊಂಡು ಹೋಗಿ, ಟೇಬಲ್ ಸಾ ಇರುವ ಪ್ಲೈವುಡ್ ಅಂಗಡಿಯಲ್ಲೇ ಕೊಯ್ಯಿಸಿ. ಮುಂದೆಯೂ ಮರಗೆಲಸ ಮಾಡುವ ಆಸೆ ಇದ್ದರೆ ಖಂಡಿತ ತಗೊಳ್ಳಿ, ನಾನೂ ಬಿಟ್ಟಿಲ್ಲ. ಮನೆಯಲ್ಲಿ ಈಗಾಗಲೇ 18 ವೋಲ್ಟಿನ ಡ್ರಿಲ್ ಇದ್ದರೆ ಅದೇ ಕಂಪನಿಯ, ಅದೇ ಬ್ಯಾಟರಿ ಕೂರುವ ಸಾ ನೋಡಿ, ದುಡ್ಡು ಉಳಿಯುತ್ತದೆ. ಇಲ್ಲದಿದ್ದರೆ ನಿಮ್ಮೂರಿನಲ್ಲಿ ಯಾವುದಕ್ಕೆ ಸರ್ವಿಸ್ ಸೆಂಟರ್ ಇದೆಯೋ ಅದು. ಉಳಿದ ದುಡ್ಡಿಗೆ ಅದೇ ಬಿಲ್ಲಿನಲ್ಲಿ ಒಂದು ಜೊತೆ ಒಳ್ಳೆ ಕ್ಲಾಂಪ್, 40 ಹಲ್ಲಿನ ಬ್ಲೇಡ್ ಸೇರಿಸಿ. ರೀಪರ್ ಪಟ್ಟಿ ಪ್ಲೈ ಅಂಗಡಿಯಲ್ಲೇ ಸಿಗುತ್ತದೆ.