ಚಳಿಗಾಲಕ್ಕೆ ಪೂಲ್ ಮುಚ್ಚುವಾಗ ನೀರು ಪೂರ್ತಿ ಖಾಲಿ ಮಾಡಬೇಕಾ?

ನ್ಯೂಜೆರ್ಸಿಯಲ್ಲಿ ಕೊಂಡ ಮನೆಯ ವಿನೈಲ್ ಲೈನರ್ (ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ) ಇರುವ ಪೂಲನ್ನು ಚಳಿಗಾಲಕ್ಕೆ ಪೂರ್ತಿ ಖಾಲಿ ಮಾಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಲೈನರನ್ನು ಗೋಡೆಗೆ ಒತ್ತಿ ಹಿಡಿದಿರುವುದೇ ಒಳಗಿನ ನೀರಿನ ಭಾರ. ಅದನ್ನು ತೆಗೆದರೆ ಹೊರಗಿನ ಅಂತರ್ಜಲದ ಒತ್ತಡಕ್ಕೆ ಲೈನರ್ ಜಾರುತ್ತದೆ, ಗೋಡೆಯೂ ವಾಲಬಹುದು. ಸ್ಕಿಮ್ಮರ್ (ತೇಲುವ ಕಸ ಎಳೆದುಕೊಳ್ಳುವ ಗೋಡೆಯ ಕಿಂಡಿ) ಬಾಯಿಗಿಂತ ನಾಲ್ಕೈದು ಇಂಚು ಕೆಳಗೆ ಇಳಿಸಿದರೆ ಸಾಕು.

ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗುವವರೆಗೆ ಕಾಯಿರಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಕವರ್ ಕೆಳಗೆ ಪಾಚಿ ಬೆಳೆಯುತ್ತದೆ. ಪಿಎಚ್ 7.4ರಿಂದ 7.6 ಇರಲಿ.

ಮುಖ್ಯ ಕೆಲಸ ಪೈಪಿನದು. ಹೆಪ್ಪುಗಟ್ಟುವ ನೀರು ಸುಮಾರು 9% ಹಿಗ್ಗುತ್ತದೆ, ಮಣ್ಣೊಳಗಿನ ಪೈಪ್ ಒಡೆದರೆ ಕಾಂಕ್ರೀಟ್ ಅಗೆಸಬೇಕಾಗುತ್ತದೆ. ಪೈಪಿನ ನೀರು ಹೊರಹೋಗುವಂತೆ ಪಂಪ್ ಕಡೆಯಿಂದ ಬ್ಲೋವರ್‌ನಲ್ಲಿ ಗಾಳಿ ಹಾಯಿಸಿ. ಬೇಕಾದ್ದು ಹೆಚ್ಚು ಗಾಳಿ, ಹೆಚ್ಚು ಒತ್ತಡವಲ್ಲ. ರಿಟರ್ನ್‌ನಲ್ಲಿ (ಪೂಲಿಗೆ ನೀರು ಮರಳುವ ಕಿಂಡಿ) ಮೊದಲು ನೀರು ನುಗ್ಗುತ್ತದೆ, ಆಮೇಲೆ ಬರೀ ಗುಳ್ಳೆ ಬುಳುಬುಳು ಏಳುತ್ತದೆ. ಗಾಳಿ ಬರುತ್ತಿರುವಾಗಲೇ ರಬ್ಬರ್ ಪ್ಲಗ್ ತಿರುಗಿಸಿ ಬಿಗಿ ಮಾಡಿ. ಪೂಲಿನ ತಳದ ಮೇನ್ ಡ್ರೇನ್‌ಗೆ ಪ್ಲಗ್ ಬೇಡ. ಗುಳ್ಳೆ ಬಂದ ತಕ್ಷಣ ವಾಲ್ವ್ ಮುಚ್ಚಿದರೆ ಗಾಳಿಯೇ ನೀರನ್ನು ತಡೆಯುತ್ತದೆ.

ಪೂರ್ತಿ ಊದಲಾಗದ ಲೈನಿಗೆ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಹಾಕಿ: ಒಂದೂವರೆ ಇಂಚಿನ ಪೈಪಿಗೆ 10 ಅಡಿಗೆ ಸುಮಾರು 1 ಗ್ಯಾಲನ್. ಪೂಲಿಗೆಂದೇ ಮಾರುವ ಪ್ರೊಪಿಲೀನ್ ಗ್ಲೈಕಾಲ್ ಮಾತ್ರ, ಕಾರಿನದು ವಿಷ.

ಸ್ಕಿಮ್ಮರ್ ತಳಕ್ಕೆ ಗಿಜ್ಮೊ (ಟೊಳ್ಳು ಪ್ಲಾಸ್ಟಿಕ್ ಕೊಳವೆಯಂಥ ಪ್ಲಗ್) ತಿರುಗಿಸಿ ಕೂರಿಸಿ, ಒಳಗೆ ಮಂಜುಗಡ್ಡೆ ಹಿಗ್ಗಿದರೆ ಅದು ಕುಗ್ಗಿ ಜಾಗ ಕೊಡುತ್ತದೆ. ಪಂಪ್, ಫಿಲ್ಟರ್, ಹೀಟರ್‌ಗಳ ಡ್ರೇನ್ ಪ್ಲಗ್ ಬಿಚ್ಚಿ ಆ ಪ್ಲಗ್ ಎಲ್ಲವನ್ನೂ ಪಂಪಿನ ಬುಟ್ಟಿಯಲ್ಲೇ ಇಡಿ, ಏಪ್ರಿಲ್‌ನಲ್ಲಿ ಹುಡುಕಾಟ ತಪ್ಪುತ್ತದೆ.