ಹಸ್ತಪ್ರತಿಯನ್ನು ಗೋಷ್ಠಿಗೆ ತರಬೇಡಿ

ದೀಪಾವಳಿ ಕಳೆದು ಮುಂಬೈಯಲ್ಲಿ ಸಭೆ, ಗೋಷ್ಠಿ, ಪುಸ್ತಕ ಬಿಡುಗಡೆಗಳ ಕಾಲ ಆರಂಭವಾಯಿತೆಂದರೆ ಹೊಸ ಬರಹಗಾರರಿಂದ ಅವವೇ ಪ್ರಶ್ನೆಗಳು ಬರತೊಡಗುತ್ತವೆ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಸಭಾಂಗಣವಿರಲಿ, ನಾರಿಮನ್ ಪಾಯಿಂಟಿನ ಎನ್‌ಸಿಪಿಎ ಕಲಾಕೇಂದ್ರದಲ್ಲಿ ನಡೆಯುವ ಇಂಗ್ಲಿಷ್ ಸಾಹಿತ್ಯೋತ್ಸವವಿರಲಿ, ಸಂಪಾದಕರನ್ನು ಸುತ್ತುವರಿಯುವ ರೀತಿ ಮಾತ್ರ ಬದಲಾಗಿಲ್ಲ. ಅನೇಕ ವರ್ಷ ಹಸ್ತಪ್ರತಿಗಳನ್ನು ತಿದ್ದಿದ ನನಗೆ ಇದು ಬೇಸರವನ್ನಷ್ಟೇ ಅಲ್ಲ, ಸಂಕಟವನ್ನೂ ತರುತ್ತದೆ. ಏಕೆಂದರೆ ಇದರಿಂದ ಒಳ್ಳೆಯ ಬರಹಗಳೇ ಹಾಳಾಗುತ್ತವೆ.

ಪ್ರಶ್ನೆ: ನನ್ನ ಕನ್ನಡ ಕಥಾಸಂಕಲನಕ್ಕೆ, ಪ್ರಕಾಶಕರೊಂದಿಗೆ ನನ್ನ ಪರವಾಗಿ ವ್ಯವಹರಿಸುವ ಏಜೆಂಟರೊಬ್ಬರನ್ನು ಗೊತ್ತುಮಾಡಿಕೊಳ್ಳಬೇಕೇ? (ಪಿಂಪ್ರಿ)

ಬೇಡ. ಕನ್ನಡದಲ್ಲಿ ಲೇಖಕರು ಪ್ರಕಾಶಕರೊಂದಿಗೆ ನೇರವಾಗಿಯೇ ಮಾತನಾಡುತ್ತಾರೆ. ಏಜೆಂಟರ ಅಗತ್ಯ ಬೀಳುವುದು ಮುಖ್ಯವಾಗಿ ಇಂಗ್ಲಿಷ್ ಬರವಣಿಗೆಗೆ. ಅಲ್ಲಿಯೂ ಅವರು ಪುಸ್ತಕದಿಂದ ಲೇಖಕರಿಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ಶೇ. 15ರಷ್ಟನ್ನು ಪಡೆಯುತ್ತಾರೆಯೇ ಹೊರತು ಓದುವುದಕ್ಕೆಂದು ಮುಂಗಡ ಕೇಳುವುದಿಲ್ಲ. ಕೇಳಿದವರಿಂದ ದೂರವಿರಿ.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. 1982ರ ಮುಂಬೈ ಬಟ್ಟೆ ಗಿರಣಿ ಮುಷ್ಕರದ ಹಿನ್ನೆಲೆಯಲ್ಲಿ ಕಾದಂಬರಿ ಬರೆದಿದ್ದೇನೆ. ಮುಂದಿನ ತಿಂಗಳ ಗೋಷ್ಠಿಗೆ ಬೆಂಗಳೂರಿನಿಂದ ಪ್ರಕಾಶನ ಸಂಸ್ಥೆಯೊಂದರ ಸಂಪಾದಕರು ಬರುತ್ತಾರೆ. ಹಸ್ತಪ್ರತಿಯನ್ನು ಅವರ ಕೈಗೇ ಕೊಡಲೇ? ಅವರನ್ನು ಹೇಗೆ ಮಾತನಾಡಿಸಲಿ? (ಡೊಂಬಿವಲಿ)

ಕೊಡಬೇಡಿ. ಇಷ್ಟು ಕಟುವಾಗಿ ಹೇಳಲು ಕಾರಣವಿದೆ. ಬಹಳ ಹಿಂದೆ ಇಂಥದೇ ಒಂದು ಸಭೆಯ ನಂತರ ಹಿರಿಯರೊಬ್ಬರು ಮೆಟ್ಟಿಲಿನ ಮೇಲೆ ನನ್ನನ್ನು ತಡೆದು, ಕೈಬರಹದ ದಪ್ಪ ಕಟ್ಟೊಂದನ್ನು ಒಪ್ಪಿಸಿದರು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಆ ರಾತ್ರಿ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ, ಮೇಲಿನ ಹಲಗೆಯಲ್ಲಿಟ್ಟಿದ್ದ ಆ ಚೀಲವನ್ನು ಮರೆತು ಇಳಿದುಬಿಟ್ಟೆ. ಎಷ್ಟು ದಿನ ಅಲೆದರೂ ಅದು ಸಿಗಲಿಲ್ಲ, ಮತ್ತು ಅವರ ಬಳಿ ಬೇರೆ ಪ್ರತಿ ಇರಲಿಲ್ಲ. ಅಂದಿನಿಂದ ನಾನು ಸಭೆಯಲ್ಲಿ ಯಾರಿಂದಲೂ ಒಂದು ಹಾಳೆಯನ್ನೂ ತೆಗೆದುಕೊಂಡಿಲ್ಲ. ಪ್ರಯಾಣದಲ್ಲಿರುವ ಸಂಪಾದಕರ ಚೀಲ ಹಸ್ತಪ್ರತಿಗೆ ಸುರಕ್ಷಿತವಾದ ಜಾಗವಲ್ಲ.

ನೀವು ಅಲ್ಲಿಗೆ ಹೋಗಬೇಕಾದದ್ದು ಒಂದು ಅನುಮತಿಯನ್ನು ಪಡೆಯಲು ಮಾತ್ರ. ಅದಕ್ಕೆ ಒಂದು ನಿಮಿಷ ಸಾಕು. ಅವರು ವೇದಿಕೆಯಿಂದ ಇಳಿಯುವಾಗ, ಊಟದ ತಟ್ಟೆ ಹಿಡಿದಿರುವಾಗ, ಹಳೆಯ ಸ್ನೇಹಿತರೊಂದಿಗೆ ಮಾತಿನಲ್ಲಿರುವಾಗ ಅಡ್ಡ ಹೋಗಬೇಡಿ. ಚಹಾ ವಿರಾಮದಲ್ಲಿ ಅವರು ಒಬ್ಬರೇ ಇರುವ ಹೊತ್ತನ್ನು ನೋಡಿ, ಹೆಸರು ಹೇಳಿ, ಎರಡು ನಿಮಿಷ ಮಾತನಾಡಬಹುದೇ ಎಂದು ಕೇಳಿ. ಅವರು ಆಗುವುದಿಲ್ಲವೆಂದರೆ ನಮಸ್ಕರಿಸಿ ಹಿಂದೆ ಸರಿಯಿರಿ. ಆಗಬಹುದೆಂದರೆ ಕಾದಂಬರಿಯನ್ನು ಒಂದೇ ವಾಕ್ಯದಲ್ಲಿ ಹೇಳಬೇಕು, ಮತ್ತು ಆ ವಾಕ್ಯದಲ್ಲಿ ಯಾರು, ಎಲ್ಲಿ, ಏನು ಎಂಬ ಮೂರೂ ಇರಬೇಕು. ‘ಮಾನವೀಯ ಮೌಲ್ಯಗಳ ಕುಸಿತವನ್ನು ಚಿತ್ರಿಸಿದ್ದೇನೆ’ ಎಂದರೆ ಕೇಳಿದವರ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ. ‘ಪರೇಲಿನ ಚಾಳಿನಲ್ಲಿದ್ದ ಕನ್ನಡ ಕುಟುಂಬವೊಂದು ಮುಷ್ಕರದ ವರ್ಷ ಊರಿಗೆ ಮರಳಬೇಕೇ ಬೇಡವೇ ಎಂದು ಒಡೆದುಹೋಗುವ ಕಥೆ’ ಎಂದು ಹೇಳಿ ನೋಡಿ, ಅವರು ಮುಂದಿನ ಪ್ರಶ್ನೆಯನ್ನು ತಾವೇ ಕೇಳುತ್ತಾರೆ. ಆಮೇಲೆ ನೀವು ಕೇಳಬೇಕಾದದ್ದು ಎರಡೇ: ಹೊಸಬರ ಕಾದಂಬರಿಗಳನ್ನು ಈಗ ನೋಡುತ್ತಿದ್ದೀರಾ, ನೋಡುತ್ತಿದ್ದರೆ ಯಾವ ವಿಳಾಸಕ್ಕೆ ಕಳುಹಿಸಲಿ.

ಹೋಗುವ ಮುನ್ನ ಆ ಪ್ರಕಾಶನದ ಇತ್ತೀಚಿನ ಎರಡು ಪುಸ್ತಕಗಳನ್ನಾದರೂ ಓದಿರಿ. ಕವಿತೆ ಮತ್ತು ವಿಮರ್ಶೆಯನ್ನಷ್ಟೇ ಪ್ರಕಟಿಸುವವರ ಮುಂದೆ ಕಾದಂಬರಿಯ ವಿಷಯ ತೆಗೆಯುವುದು ಇಬ್ಬರ ಸಮಯಕ್ಕೂ ಅನ್ಯಾಯ. ಊರಿನ ನಂಟನ್ನು, ಜಾತಿಯನ್ನು, ‘ನಿಮ್ಮ ಸೋದರತ್ತೆಯವರ ಮನೆಯ ಪಕ್ಕದವರು ನಾವು’ ಎಂಬ ಪರಿಚಯವನ್ನು ದಯವಿಟ್ಟು ಮುಂದಿಡಬೇಡಿ. ಪರದೇಶವೆಂಬಂಥ ಈ ನಗರದಲ್ಲಿ ಊರಿನವರು ಸಿಕ್ಕಾಗ ಆಗುವ ಸಂತೋಷ ನನಗೂ ಗೊತ್ತು. ಆದರೆ ಅದನ್ನು ಹಸ್ತಪ್ರತಿಗೆ ಶಿಫಾರಸಾಗಿ ಬಳಸಿದ ಕ್ಷಣದಿಂದ ನಿಮ್ಮ ಬರಹವನ್ನು ನಿರ್ಭಿಡೆಯಿಂದ ಓದುವ ಸ್ವಾತಂತ್ರ್ಯವನ್ನು ಅವರಿಂದ ಕಿತ್ತುಕೊಂಡಂತಾಗುತ್ತದೆ. ಶಾಲು, ಹಣ್ಣಿನ ಬುಟ್ಟಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಕಳುಹಿಸಿ ಎಂದರೆ ಒಂದು ವಾರದೊಳಗೆ ಕಳುಹಿಸಿ. ಎಲ್ಲಿ ಭೇಟಿಯಾದಿರೆಂದು ನೆನಪಿಸುವ ಚಿಕ್ಕ ಪತ್ರ, ಮುಕ್ತಾಯವನ್ನೂ ಒಳಗೊಂಡ ಒಂದು ಪುಟದ ಕಥಾಸಾರ, ಅವರು ಬೇರೆ ರೀತಿ ಹೇಳಿರದಿದ್ದರೆ ಮೊದಲ ಮೂರು ಅಧ್ಯಾಯಗಳು, ಇಷ್ಟು ಸಾಕು. ಎಲ್ಲವೂ ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಯುನಿಕೋಡಿನಲ್ಲಿರಬೇಕು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ ಕಡತ, ಆ ಫಾಂಟ್ ಇಲ್ಲದವರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳುತ್ತದೆ. ನಂತರ ಮೂರು ತಿಂಗಳು ಕಾಯಿರಿ, ಒಮ್ಮೆ ಮಾತ್ರ ನೆನಪಿಸಿ. ದಿನವೂ ವಾಟ್ಸ್ಆ್ಯಪ್‌ನಲ್ಲಿ ಶುಭೋದಯ ಕಳುಹಿಸುವವರ ಸಂಖ್ಯೆಯನ್ನು ನಾನು ತಡೆಹಿಡಿದಿದ್ದೇನೆ.

ಪ್ರಶ್ನೆ: ಕಥೆಯನ್ನು ಕದಿಯಬಹುದೆಂಬ ಭಯವಿದೆ. ತೋರಿಸುವ ಮುನ್ನ ಹಕ್ಕುಸ್ವಾಮ್ಯವನ್ನು ನೋಂದಾಯಿಸಬೇಕೇ? (ವಸಾಯಿ)

ನೋಂದಣಿ ಕಡ್ಡಾಯವಲ್ಲ, 1957ರ ಕಾಯಿದೆಯ ಪ್ರಕಾರ ಬರೆದಾಗಲೇ ಹಕ್ಕು ನಿಮ್ಮದಾಗಿರುತ್ತದೆ.

ಪ್ರಶ್ನೆ: ಮೊದಲು ಹಿರಿಯ ಸಾಹಿತಿಯೊಬ್ಬರ ಮುನ್ನುಡಿ ಬರೆಸಿಕೊಳ್ಳಲೇ? (ಮೀರಾ ರೋಡ್)

ಪುಸ್ತಕ ಸ್ವೀಕೃತವಾಗದೆ ಯಾರಿಗೂ ಆ ಹೊರೆ ಹೊರಿಸಬೇಡಿ.

ಪ್ರಶ್ನೆ: ಸಮ್ಮೇಳನದ ಮಳಿಗೆಯಲ್ಲಿ ಒಬ್ಬರು ಹಣ ಕೊಟ್ಟರೆ ಪುಸ್ತಕ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಪ್ರಶಸ್ತಿ ಮೂರನ್ನೂ ಕೊಡಿಸುತ್ತೇವೆ ಎಂದರು. ಒಪ್ಪಬಹುದೇ? (ಪುಣೆ)

ಖಂಡಿತ ಕೂಡದು. ನಮ್ಮ ದೇಶದಲ್ಲಿ ಐಎಸ್‌ಬಿಎನ್ ಉಚಿತ. ಅದನ್ನು ನೀಡುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಲೇಖಕರೂ ಅರ್ಜಿ ಹಾಕಬಹುದು. ಉಚಿತವಾದುದನ್ನು ಮಾರುವವರು ಕೊಡಿಸುವ ಪ್ರಶಸ್ತಿಗೆ ಬೆಲೆಯಿಲ್ಲ. ಸ್ವಂತ ಖರ್ಚಿನಲ್ಲಿ ಮುದ್ರಿಸುವುದು ತಪ್ಪಲ್ಲ, ಆದರೆ ಅದಕ್ಕೆ ಮುದ್ರಣಾಲಯವಿದೆ. ನಿವೃತ್ತರ ಉಳಿತಾಯದ ಮೇಲೆ ಕಣ್ಣಿಟ್ಟ ಈ ಮಧ್ಯವರ್ತಿಗಳಿಗೆ ಸಂಘಟಕರು ಮಳಿಗೆ ಕೊಡುವುದನ್ನು ಮೊದಲು ನಿಲ್ಲಿಸಬೇಕು.

ಪ್ರಶ್ನೆ: ಸಂಪಾದಕರೊಂದಿಗೆ ಫೋಟೊ ತೆಗೆಸಿಕೊಳ್ಳಬಹುದೇ? (ವಾಸ್ಕೊ)

ಕೇಳಿ ತೆಗೆಸಿಕೊಳ್ಳಿ. ‘ನನ್ನ ಸಂಪಾದಕರೊಂದಿಗೆ’ ಎಂದು ಬರೆದು ಹಂಚಬೇಡಿ.